ಹಿಂದ್ಕೋ: ಗಾಂಧಾರ ಸೀಮೆಯ ಒಂದು ನುಡಿ

ದಿಲೀಪ್ ಕುಮಾರರ ಉರ್ದು ಸಂಭಾಷಣೆಯ ಸೊಗಸಿಗೆ ಮಾರುಹೋಗದ ಚಿತ್ರರಸಿಕರು ವಿರಳ. ಆದರೆ 1922ರಲ್ಲಿ ಪೇಶಾವರದಲ್ಲಿ ಯೂಸುಫ್ ಖಾನರಾಗಿ ಜನಿಸಿದ ಆ ಮಹಾನಟರ ಮನೆಮಾತು ಉರ್ದುವಲ್ಲ, ಪಶ್ತೋವೂ ಅಲ್ಲ, ಅದು ಹಿಂದ್ಕೋ. ಆ ನುಡಿಯನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಪಾಕಿಸ್ತಾನದ ವಾಯವ್ಯದಲ್ಲಿ ಅಬ್ಬೊಟಾಬಾದ್, ಹರಿಪುರ, ಮಾನ್ಸೆಹ್ರಾಗಳನ್ನೊಳಗೊಂಡ ಹಜಾರಾ ಸೀಮೆ, ಪೇಶಾವರ ಮತ್ತು ಕೋಹಾಟ್‌ಗಳ ಹಳೆಯ ಪೇಟೆಗಳು, ಸಿಂಧೂನದಿಯ ಈಚೆ ದಡದ ಅಟಕ್ ಪ್ರದೇಶ: ಇವು ಹಿಂದ್ಕೋ ನೆಲೆಗಳು. 2023ರ ಜನಗಣತಿಯಲ್ಲಿ ಇದನ್ನು ತಮ್ಮ ಮಾತೃಭಾಷೆಯೆಂದು ಬರೆಯಿಸಿದವರು ಸುಮಾರು 55 ಲಕ್ಷ ಮಂದಿ.

ನೆರೆಯ ಪಶ್ತೋ ಇರಾನೀ ಶಾಖೆಗೆ ಸೇರಿದ್ದು. ಹಿಂದ್ಕೋ ನಮ್ಮ ಉತ್ತರದ ಆರ್ಯಭಾಷೆಗಳ ಬಳಗಕ್ಕೆ ಸೇರಿದ್ದು. ‘ಹಿಂದ್’ನವರ ಮಾತು, ಆದ್ದರಿಂದ ಹಿಂದ್ಕೋ ಎಂಬುದು ಹೆಸರಿಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಗ್ರಿಯರ್ಸನ್ ಮಹಾಶಯರು ತಮ್ಮ ಭಾಷಾ ಸಮೀಕ್ಷೆಯಲ್ಲಿ ಇದನ್ನು ‘ಲಹಂದಾ’ ಗುಂಪಿನಲ್ಲಿರಿಸಿದರು. ಲಹಂದಾ ಎಂದರೆ ಪಡುವಣ. ಹೀಗೆ ಹೊರಗಿನವರ ಕಣ್ಣಳತೆಯಲ್ಲೇ ಈ ನುಡಿ ಗುರುತಿಸಲ್ಪಡುತ್ತ ಬಂದಿತು.

ಇದರ ವ್ಯಾಕರಣದಲ್ಲಿ ಹಳೆಯ ಸಂಪತ್ತು ಉಳಿದಿದೆ. ಸಂಸ್ಕೃತದ ‘ಕರಿಷ್ಯತಿ’ಯಲ್ಲಿರುವ ಭವಿಷ್ಯತ್ಕಾಲದ ಸಕಾರವನ್ನು ಹಿಂದಿ ಬಿಟ್ಟುಕೊಟ್ಟಿತು, ಹಿಂದ್ಕೋ ‘ಕರ್ಸೀ’ ಎಂದು ಇಂದಿಗೂ ಕಾಪಾಡಿಕೊಂಡಿದೆ. ಮತ್ತೊಂದೆಡೆ ಘ, ಧ, ಭ ಮೊದಲಾದ ಮಹಾಪ್ರಾಣಗಳನ್ನು ಇದರ ಬಹುತೇಕ ಉಪಭಾಷೆಗಳು ಕಳೆದುಕೊಂಡು, ಪಂಜಾಬಿಯಂತೆ ಆ ಭೇದವನ್ನು ದನಿಯ ಏರಿಳಿತಕ್ಕೆ ಒಪ್ಪಿಸಿವೆ.

ಪುರಾತನ ಗಾಂಧಾರ ಈ ಸೀಮೆಯೇ. ಮಾನ್ಸೆಹ್ರಾದ ಬಂಡೆಗಳ ಮೇಲೆ ಅಶೋಕನ ಶಾಸನಗಳು ಖರೋಷ್ಠೀ ಲಿಪಿಯಲ್ಲಿವೆ. ಅದೇ ಲಿಪಿಯನ್ನು ಬಲ್ಲ ಚಪಡನೆಂಬ ಲಿಪಿಕಾರ ನಮ್ಮ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯವರೆಗೂ ಬಂದು, ಬ್ರಾಹ್ಮಿಯಲ್ಲಿ ಶಾಸನ ಬರೆದು, ‘ಲಿಪಿಕಾರ’ನೆಂಬ ತನ್ನ ವೃತ್ತಿಯನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿಹೋದನು. ಅಂದಿನ ಪ್ರಾಕೃತಕ್ಕೆ ಹಿಂದ್ಕೋ ನೇರ ಸಂತಾನವೆಂದು ಸಾಧಿಸುವುದು ಸುಲಭವಲ್ಲ; ಆದರೆ ನೆಲ ಒಂದೇ.

ಹಿಂದ್ಕೋ ನುಡಿಯುವವರು ಒಂದು ಕುಲದವರಲ್ಲ. ಆವಾನರು, ತನೋಲಿಗಳು, ಸೈಯದರು, ಪಶ್ತೋವನ್ನು ಬಿಟ್ಟು ಈ ನುಡಿಗೆ ಬಂದ ಜದೂನರಂಥ ಪಠಾಣ ಮೂಲದವರು, ಎಲ್ಲರೂ ಇದ್ದಾರೆ. 1947ಕ್ಕೆ ಮುಂಚೆ ಹಿಂದೂಗಳೂ ಸಿಖ್ಖರೂ ಇದ್ದರು. ದೇಶವಿಭಜನೆಯಾದಾಗ ಅವರು ಇದನ್ನು ಹೊತ್ತು ಭಾರತಕ್ಕೆ ಬಂದರು. ಕುಲದ ಹೆಸರಿಲ್ಲದ ನುಡಿಗೆ ರಾಜಕೀಯದಲ್ಲಿ ಬಲ ಕಡಮೆ. 1981ರ ಗಣತಿಯಲ್ಲಿ ಪ್ರತ್ಯೇಕ ಸ್ಥಾನ ಪಡೆದಿದ್ದ ಹಿಂದ್ಕೋ, 1998ರ ಗಣತಿಯಲ್ಲಿ ‘ಇತರ’ ಭಾಷೆಗಳಲ್ಲಿ ಅಡಗಿಹೋಯಿತು. 2010ರಲ್ಲಿ ಪ್ರಾಂತಕ್ಕೆ ಖೈಬರ್ ಪಖ್ತೂನ್‌ಖ್ವಾ ಎಂದು ಹೆಸರಿಟ್ಟಾಗ, ಆ ಹೆಸರಿನಲ್ಲಿ ತಮಗೆ ಎಡೆಯಿಲ್ಲವೆಂದು ಹಜಾರಾದ ಜನ ಬೀದಿಗಿಳಿದರು. ಅಬ್ಬೊಟಾಬಾದಿನಲ್ಲಿ ಹಲವರು ಪ್ರಾಣ ತೆತ್ತರು.

1993ರಲ್ಲಿ ಪೇಶಾವರದಲ್ಲಿ ಸ್ಥಾಪಿತವಾದ ಗಂಧಾರ ಹಿಂದ್ಕೋ ಬೋರ್ಡ್ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಅದು ಸ್ತುತ್ಯ ಕಾರ್ಯ. ಆದರೆ ಗ್ರಂಥಾಲಯ ಸೇರಿದ ನುಡಿಯೆಲ್ಲ ಮನೆಯಲ್ಲಿ ಉಳಿಯುವುದೆಂಬ ಭರವಸೆಯಿಲ್ಲ. ಪೇಶಾವರದ ಹಳೆಯ ಪೇಟೆಯ ತಾಯಂದಿರು ಮಕ್ಕಳನ್ನು ಯಾವ ಮಾತಿನಲ್ಲಿ ಊಟಕ್ಕೆ ಕರೆಯುತ್ತಾರೆ ಎಂಬುದರ ಮೇಲೆ ಹಿಂದ್ಕೋವಿನ ನಾಳೆ ನಿಂತಿದೆ.