ಮನೆಯಲ್ಲಿರಬೇಕಾದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ



ಅಪಘಾತವು ವೈದ್ಯರ ಮನೆಯ ಎದುರಿನಲ್ಲಿಯೇ ಸಂಭವಿಸಬೇಕೆಂಬ ನಿಯಮವೇನೂ ಇಲ್ಲ. ಅದು ಸಂಭವಿಸುವುದು ರೊಟ್ಟಿಯ ಹೆಂಚಿನ ಬಳಿ, ತೊಗರಿಯ ಹೊಲದಲ್ಲಿ, ರಾಶಿಯ ಯಂತ್ರದ ಬಾಯಿಯಲ್ಲಿ, ಇಲ್ಲವೆ ಹುಮನಾಬಾದ್ ರಸ್ತೆಯ ಮೇಲೆ. ಕಲಬುರಗಿ ನಗರದಲ್ಲಿ ವಾಸಿಸುವವರಿಗೆ ಜಿಮ್ಸ್ ಮೊದಲಾದ ದೊಡ್ಡ ಆಸ್ಪತ್ರೆಗಳು ಸಮೀಪದಲ್ಲಿವೆ. ಕಮಲಾಪುರದವರು ಅಲ್ಲಿಗೆ ತಲುಪಬೇಕಾದರೆ ಮೂವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಬೇಕು. ಸುತ್ತಲಿನ ಹಳ್ಳಿಯವರಿಗೆ ಆ ದಾರಿ ಇನ್ನೂ ದೀರ್ಘವಾದುದು. ಗಾಯವಾದ ಕ್ಷಣಕ್ಕೂ ವೈದ್ಯರ ಕೈ ತಾಗುವ ಕ್ಷಣಕ್ಕೂ ನಡುವೆ ಇರುವ ಈ ಅವಧಿಯಲ್ಲಿ ರೋಗಿಯು ತಮ್ಮ ವಶದಲ್ಲಿಯೇ ಇರುತ್ತಾನೆ. ಆ ಅವಧಿಗೆ ಬೇಕಾದ ಸಾಮಗ್ರಿಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕಾಗಿದೆ.

2022ರ ಜೂನ್ 3ರಂದು ಬೆಳಿಗ್ಗೆ ಕಮಲಾಪುರದ ಹೊರವಲಯದಲ್ಲಿ, ಗೋವಾದಿಂದ ಹೈದರಾಬಾದಿಗೆ ಮರಳುತ್ತಿದ್ದ ಖಾಸಗಿ ಬಸ್ಸೊಂದು ಸರಕು ವಾಹನಕ್ಕೆ ಡಿಕ್ಕಿ ಹೊಡೆದು, ಸೇತುವೆಯಿಂದ ಕೆಳಗುರುಳಿ ಉರಿದುಹೋದುದನ್ನು ತಮ್ಮಲ್ಲಿ ಅನೇಕರು ಮರೆತಿರಲಾರರು. ಬೆಂಕಿಯೊಳಗೆ ಸಿಕ್ಕಿ ಮಡಿದ ಏಳೆಂಟು ಜನರನ್ನು ಯಾವ ಪೆಟ್ಟಿಗೆಯೂ ಉಳಿಸುತ್ತಿರಲಿಲ್ಲ. ಆದರೆ ಗಾಯಗೊಂಡು ಹೊರಬಂದವರೂ ಇದ್ದರು. ಅವರನ್ನು ಕಲಬುರಗಿಯ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಇಂಥ ಹೊತ್ತಿನಲ್ಲಿ ಮೊದಲು ಓಡಿಬರುವವರು ಅಕ್ಕಪಕ್ಕದ ಹೊಲದವರೂ ದಾರಿಹೋಕರೂ ಆಗಿರುತ್ತಾರೆ.

ಔಷಧಿ ಅಂಗಡಿಗಳಲ್ಲಿ ಸಿದ್ಧವಾಗಿ ದೊರೆಯುವ ಪೆಟ್ಟಿಗೆಗಳನ್ನು ತೆರೆದು ನೋಡಿದರೆ ಸಾಮಾನ್ಯವಾಗಿ ಕಾಣುವುದು ಸಣ್ಣ ಅಂಟುಪಟ್ಟಿಗಳು, ಒಂದು ಹಿಡಿ ಹತ್ತಿ, ಒಂದು ಪುಟ್ಟ ಸೀಸೆ. ಬೆರಳು ತರಚಿದರೆ ಇದು ಸಾಕು. ತೊಡೆ ಸೀಳಿದರೆ ಸಾಲದು. ಪ್ರಾಯದ ಮನುಷ್ಯನ ಶರೀರದಲ್ಲಿರುವ ರಕ್ತ ಸುಮಾರು ಐದು ಲೀಟರು. ದೊಡ್ಡ ರಕ್ತನಾಳವು ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ಒದಗುತ್ತದೆ. ಆದುದರಿಂದ ಪೆಟ್ಟಿಗೆಯಲ್ಲಿ ಮೊದಲ ಸ್ಥಾನವು ರಕ್ತವನ್ನು ತಡೆಯುವ ಸಾಮಗ್ರಿಗೆ ಸಲ್ಲಬೇಕು. ದೊಡ್ಡ ಅಳತೆಯ ಶುದ್ಧವಾದ ಗಾಜ್ ಬಟ್ಟೆಯ ಪೊಟ್ಟಣಗಳು ಹತ್ತಾದರೂ ಇರಲಿ. ಅಗಲವಾದ ಸುರುಳಿ ಬ್ಯಾಂಡೇಜು ನಾಲ್ಕು, ಕ್ರೇಪ್ ಬ್ಯಾಂಡೇಜು ಎರಡು. ರಕ್ತದ ಮೂಲಕ ರೋಗಗಳು ಹರಡಬಹುದಾದ್ದರಿಂದ ರಬ್ಬರಿನ ಕೈಗವಸು ಎರಡು ಜೊತೆ ಅವಶ್ಯ. ಬಟ್ಟೆಯನ್ನು ಕತ್ತರಿಸಿ ಗಾಯವನ್ನು ಕಾಣಲು ಗಟ್ಟಿಯಾದ, ಮೊಂಡು ತುದಿಯ ಕತ್ತರಿಯೊಂದು ಬೇಕು. ಹತ್ತಿಯನ್ನು ತೆರೆದ ಗಾಯದ ಮೇಲೆ ನೇರವಾಗಿ ಇಡಕೂಡದು. ಅದರ ಎಳೆಗಳು ಗಾಯಕ್ಕೆ ಅಂಟಿ ವೈದ್ಯರಿಗೆ ತೊಡಕಾಗುತ್ತವೆ.

ಇವುಗಳ ಉಪಯೋಗವು ಸರಳ. ಗಾಜ್ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಬೇಕು. ಹತ್ತು ನಿಮಿಷ ಕೈ ತೆಗೆಯಬಾರದು. ನಿಂತಿತೇ ಎಂದು ನಡುನಡುವೆ ಎತ್ತಿ ನೋಡುವ ಕುತೂಹಲವೇ ಹೆಪ್ಪುಗಟ್ಟುತ್ತಿರುವ ರಕ್ತವನ್ನು ಮತ್ತೆ ಹರಿಸುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಇನ್ನೂ ಬಲವಾಗಿ ಒತ್ತಿರಿ. ಮೈಯೊಳಗೆ ಕಬ್ಬಿಣವಾಗಲಿ ಗಾಜಿನ ಚೂರಾಗಲಿ ನೆಟ್ಟಿದ್ದರೆ ಅದನ್ನು ಕೀಳತಕ್ಕದ್ದಲ್ಲ. ಅದರ ಸುತ್ತ ಬಟ್ಟೆಯನ್ನು ಒತ್ತಾಗಿರಿಸಿ ಅಲುಗದಂತೆ ಕಟ್ಟಬೇಕು.

ಕೈಯಿಂದಲೋ ಕಾಲಿನಿಂದಲೋ ರಕ್ತವು ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಮಾತ್ರ ಟೂರ್ನಿಕೆಟ್ ಎಂದು ಕರೆಯುವ ಬಿಗಿಪಟ್ಟಿಯು ಬೇಕಾಗುತ್ತದೆ. ಗಾಯಕ್ಕಿಂತ ಮೂರು-ನಾಲ್ಕು ಬೆರಳು ಮೇಲೆ, ಕೀಲನ್ನು ಬಿಟ್ಟು, ರಕ್ತ ನಿಲ್ಲುವವರೆಗೂ ಬಿಗಿಯಬೇಕು. ಸಿದ್ಧಪಟ್ಟಿ ಇಲ್ಲದಿದ್ದರೆ ನಾಲ್ಕು ಬೆರಳಿನಗಲಕ್ಕೆ ಮಡಿಸಿದ ಬಟ್ಟೆಯನ್ನು ಕಟ್ಟಿ, ಗಂಟಿನೊಳಗೆ ಗಟ್ಟಿ ಕೋಲನ್ನಿಟ್ಟು ತಿರುಚಬಹುದು. ದಾರ, ತಂತಿ ಕೂಡದು. ಬಿಗಿದ ವೇಳೆಯನ್ನು ಬರೆದಿಡಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಸಡಿಲಿಸಿರೆಂದು ಹಳೆಯ ಕೈಪಿಡಿಗಳಲ್ಲಿ ಅಚ್ಚಾಗಿರುವುದುಂಟು. ಈಗ ಆ ಸಲಹೆಯನ್ನು ಕೈಬಿಡಲಾಗಿದೆ. ಸಡಿಲಿಸುವ ಕೆಲಸ ವೈದ್ಯರದು.

ಈ ಪಟ್ಟಿಯ ವಿಷಯದಲ್ಲಿ ನಮ್ಮ ಭಾಗದ ರೈತ ಕುಟುಂಬಗಳಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ರಕ್ತಸ್ರಾವದಲ್ಲಿ ಪ್ರಾಣ ಉಳಿಸುವ ಇದೇ ಪಟ್ಟಿಯು ಹಾವು ಕಚ್ಚಿದಾಗ ಕೇಡನ್ನು ಮಾಡುತ್ತದೆ. ಬಿಗಿದು ಕಟ್ಟಿದ ಕಾಲಿಗೆ ರಕ್ತಸಂಚಾರ ನಿಂತು, ವಿಷವು ಅಲ್ಲಿಯೇ ಮಡುಗಟ್ಟಿ, ಮಾಂಸ ಕೊಳೆತು ಕಾಲನ್ನೇ ಕತ್ತರಿಸಬೇಕಾದ ಪ್ರಸಂಗ ಬರಬಹುದು. ಕೊಯ್ಯುವುದು, ಹೀರುವುದು, ಸೊಪ್ಪಿನ ರಸ ಹಚ್ಚುವುದು ಇವೆಲ್ಲವೂ ವ್ಯರ್ಥ ಕಾಲಹರಣ. ಕಚ್ಚಿದ ಅಂಗವನ್ನು ಮುರಿದ ಮೂಳೆಯೋ ಎಂಬಂತೆ ಬಿದಿರಿನ ದಬ್ಬೆಗೆ ಸಡಿಲವಾಗಿ ಕಟ್ಟಿ, ರೋಗಿಯನ್ನು ನಡೆಯಗೊಡದೆ ಆಸ್ಪತ್ರೆಗೆ ಒಯ್ಯಿರಿ. ಬಳೆ, ಉಂಗುರ, ಕಾಲ್ಗೆಜ್ಜೆಗಳನ್ನು ಬಾವು ಏರುವ ಮುನ್ನವೇ ತೆಗೆಯಿರಿ. ವಿಷಕ್ಕೆ ಮದ್ದು ಪ್ರತಿವಿಷದ ಚುಚ್ಚುಮದ್ದೊಂದೇ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದೂ ಇದರ ಗಂಭೀರತೆಯನ್ನು ಮನಗಂಡೇ.

ಹೀಗಾಗಿ ಒಂದು ಅಡಿಯ ಎರಡು ದಬ್ಬೆಗಳೂ ನಾಲ್ಕು ತ್ರಿಕೋನ ಪಟ್ಟಿಗಳೂ ಪೆಟ್ಟಿಗೆಯ ಪಕ್ಕದಲ್ಲಿರಲಿ. ಈ ಪಟ್ಟಿಗಳಿಗೆ ಹಣ ವೆಚ್ಚ ಮಾಡಬೇಕಾಗಿಲ್ಲ. ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಧೋತರದಿಂದ ಒಂದು ಮೀಟರ್ ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಪಟ್ಟಿಗಳಾದವು. ಮುರಿದ ಕೈಗೆ ಜೋಲಿಯಾಗಿ, ದಬ್ಬೆಗೆ ಕಟ್ಟಾಗಿ, ಮಡಿಸಿದರೆ ಒತ್ತುಬಟ್ಟೆಯಾಗಿ ಅದು ಒದಗುವಷ್ಟು ಬೇರಾವ ವಸ್ತುವೂ ಒದಗದು.

ಸೋರದ ಪ್ಲಾಸ್ಟಿಕ್ ಚೀಲಗಳು ಎರಡು ಏಕೆಂದು ತಾವು ಕೇಳಬಹುದು. ಮೇವು ಕತ್ತರಿಸುವ ಯಂತ್ರದಲ್ಲಿ ಬೆರಳು ತುಂಡಾದರೆ, ಆ ತುಂಡನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಒಂದು ಚೀಲದಲ್ಲಿ ಭದ್ರವಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನ ಇನ್ನೊಂದು ಚೀಲದೊಳಗಿಟ್ಟು ರೋಗಿಯೊಡನೆಯೇ ಕಳುಹಿಸಬೇಕು. ಮಂಜುಗಡ್ಡೆಯು ತುಂಡಿಗೆ ನೇರವಾಗಿ ತಾಗಬಾರದು.

ಸುಟ್ಟ ಗಾಯಕ್ಕೆ ಮುಲಾಮನ್ನು ಹುಡುಕಬೇಡಿರಿ. ಅದಕ್ಕೆ ಬೇಕಾದುದು ನೀರು. ಇಪ್ಪತ್ತು ನಿಮಿಷಗಳ ಕಾಲ ತಣ್ಣೀರನ್ನು ಮೇಲಿಂದ ಹರಿಯಬಿಡಬೇಕು. ಆದರೆ ವೈಶಾಖದಲ್ಲಿ ನಮ್ಮ ನಗರದ ಮಾಳಿಗೆಯ ಮೇಲಿನ ತೊಟ್ಟಿಯ ನೀರು ಸ್ನಾನಕ್ಕೂ ಬಿಸಿಯಾಗಿರುತ್ತದೆಯಷ್ಟೆ! ಆಗ ಮಣ್ಣಿನ ಗಡಿಗೆಯ ನೀರೇ ಗತಿ. ಹಲ್ಲಿನ ಪೇಸ್ಟು, ಶಾಯಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಕೂಡದು, ಬೊಕ್ಕೆಯನ್ನು ಒಡೆಯಕೂಡದು. ಬಳಿಕ ಒಗೆದ ಶುಭ್ರ ಬಟ್ಟೆಯಿಂದ ಸಡಿಲವಾಗಿ ಮುಚ್ಚಿದರಾಯಿತು.

ಬಿಸಿಲಿನ ಮಾತು ಬಂದುದರಿಂದ ಇನ್ನೊಂದು ವಿಷಯ. ಈ ಜಿಲ್ಲೆಯ ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ಕಿಟಕಿಯ ಮೇಲಾಗಲಿ ಮೋಟಾರ್ ಸೈಕಲ್ಲಿನ ಡಿಕ್ಕಿಯಲ್ಲಾಗಲಿ ತಿಂಗಳುಗಟ್ಟಲೆ ಇಟ್ಟರೆ ಅಂಟುಪಟ್ಟಿಯ ಅಂಟು ಕರಗಿ ಹೋಗುತ್ತದೆ, ಮಾತ್ರೆಗಳು ಕೆಡುತ್ತವೆ. ವಾಹನದಲ್ಲಿ ಗಾಜ್, ಬ್ಯಾಂಡೇಜು, ಬಿಗಿಪಟ್ಟಿ, ಕೈಗವಸುಗಳ ಸಣ್ಣ ಚೀಲವೊಂದೇ ಇರಲಿ. ಮನೆಯ ಪೆಟ್ಟಿಗೆಗೆ ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯೇ ಉತ್ತಮ. ಅದನ್ನು ಮಕ್ಕಳ ಕೈಗೆ ಎಟುಕದ, ಆದರೆ ಮನೆಯವರೆಲ್ಲರಿಗೂ ತಿಳಿದಿರುವ ತಂಪಾದ ಜಾಗದಲ್ಲಿ, ಬೀಗ ಹಾಕದೆ ಇಡಬೇಕು. ಜೀವಜಲದ ಪುಡಿ ನಾಲ್ಕು ಪೊಟ್ಟಣ, ಪ್ಯಾರಾಸಿಟಮಾಲ್ ಮಾತ್ರೆ, ಸಾಬೂನು, ಪೊವಿಡೋನ್ ಅಯೊಡಿನ್ ಮುಲಾಮು, ಟಾರ್ಚು, ಸೇಫ್ಟಿ ಪಿನ್ನುಗಳು ಇಷ್ಟರಿಂದ ಅದು ತುಂಬುತ್ತದೆ. ನೆರೆಮನೆಯವರು ಬಿಟ್ಟುಕೊಟ್ಟ ಹಳೆಯ ಗುಳಿಗೆಗಳಿಗೆ ಅಲ್ಲಿ ಸ್ಥಳವಿಲ್ಲ. ಪ್ರಜ್ಞೆ ತಪ್ಪಿದವರಿಗೆ ನೀರನ್ನೂ ಕುಡಿಸಬಾರದು. ಕೀಟನಾಶಕ ಸೇವಿಸಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಯತ್ನಿಸದೆ, ಆ ಸೀಸೆಯನ್ನು ಜೊತೆಗೆ ಒಯ್ಯಿರಿ.

ರಸ್ತೆಯಲ್ಲಿ ಗಾಯಾಳುವನ್ನು ಮುಟ್ಟಿದರೆ ಪೊಲೀಸು, ಸಾಕ್ಷಿ, ಕೋರ್ಟು ಎಂದು ಹಿಂಜರಿಯುವವರು ಇಂದಿಗೂ ಇದ್ದಾರೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಮಾಡಿದ ತಿದ್ದುಪಡಿಯು, ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ತಮ್ಮ ಹೆಸರು ಹೇಳಬೇಕೆಂದೂ ಬಲವಂತವಿಲ್ಲ. 2025ರಿಂದ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ, ನಗದಿಲ್ಲದೆ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆಯೂ ಜಾರಿಗೆ ಬಂದಿದೆ.

ಕೊನೆಯದಾಗಿ, ಡಬ್ಬಿಯ ಮುಚ್ಚಳದ ಒಳಬದಿಗೆ ಒಂದು ಹಾಳೆಯನ್ನು ಅಂಟಿಸಿರಿ. ಅದರಲ್ಲಿ 108 ಮತ್ತು 112 ಎಂಬ ಸಂಖ್ಯೆಗಳು, ಮನೆಯ ಪ್ರತಿಯೊಬ್ಬರ ಹೆಸರು, ರಕ್ತದ ಗುಂಪು, ಒಗ್ಗದ ಔಷಧಿ, ನಿತ್ಯ ಸೇವಿಸುವ ಮಾತ್ರೆ, ಊರಿನಲ್ಲಿ ರಾತ್ರಿಯ ಹೊತ್ತೂ ವಾಹನ ಕೊಡಬಲ್ಲ ಇಬ್ಬರ ದೂರವಾಣಿ ಸಂಖ್ಯೆ ಇರಲಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಡಬ್ಬಿಯನ್ನು ತೆರೆದು, ಅವಧಿ ಮುಗಿದುದನ್ನು ತೆಗೆದು, ಬಳಸಿದ್ದನ್ನು ಮತ್ತೆ ತುಂಬಿ, ಪರಿಶೀಲಿಸಿದ ತಾರೀಖನ್ನು ಅದೇ ಹಾಳೆಯಲ್ಲಿ ಬರೆಯಿರಿ.