ಪಾವತಿ ಇದ್ದವನಿಗೆ ನ್ಯಾಯ ಹತ್ತಿರ

(ಸಂಘದ ರಜತ ಮಹೋತ್ಸವದ ನಿಮಿತ್ತ ಕರೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಕಮತಕ್ಕೆ ಇಳಿದವನು. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಹೊತ್ತಿನಲ್ಲಿ ಎಲ್ಲರೂ ಸಾಲ, ಠೇವು, ಲಾಭದ ಮಾತು ಆಡಿದ್ದಾರೆ. ನನಗೆ ಅಧ್ಯಕ್ಷರು, “ನೀವು ತಂಟೆ ತಕರಾರಿನ ವಿಷಯ ಹೇಳ್ರಿ” ಎಂದರು. ಯಾಕೆ ಅಂದರೆ ಸದಸ್ಯರು ಮನೆಗೆ ಬಂದು ಹೇಳಿಕೊಳ್ಳುವ ಗೋಳಿನಲ್ಲಿ ಅರ್ಧ ಇಂಥದ್ದೇ. ಬೀಜ ಹುಟ್ಟಲಿಲ್ಲ, ಮೋಟಾರು ಸುಟ್ಟಿತು, ವಿಮೆ ಹಣ ಬರಲಿಲ್ಲ, ಕೈಗಡ ಕೊಟ್ಟದ್ದು ತಿರುಗಿ ಬರಲಿಲ್ಲ. ಮೊತ್ತ ಸಣ್ಣದು. ಆದರೆ ಕಳಕೊಂಡವನಿಗೆ ಅದು ಸಣ್ಣದಲ್ಲ.

ಹಿಂದೆ ಇಂಥ ತಕರಾರು ಹನುಮಪ್ಪನ ಗುಡಿ ಕಟ್ಟಿಯ ಮೇಲೆ ಬಗೆಹರಿಯುತ್ತಿದ್ದವು. ಇಬ್ಬರೂ ಊರವರೇ ಆಗಿದ್ದಾಗ ಹಿರಿಯರ ಮಾತಿಗೆ ತೂಕ ಇರುತ್ತಿತ್ತು. ಈಗ ನಮಗೆ ಮಾಲು ಮಾರುವವನು ಬಾಗಲಕೋಟೆಯಲ್ಲಿರುತ್ತಾನೆ, ಕಂಪನಿ ಹೈದರಾಬಾದಿನಲ್ಲೋ ಮುಂಬೈಯಲ್ಲೋ ಇರುತ್ತದೆ. ಅವರು ನಮ್ಮ ಕಟ್ಟಿಗೆ ಬರುವವರಲ್ಲ. ಕೋರ್ಟಿಗೆ ಹೋಗೋಣ ಎಂದರೆ “ಗೆದ್ದವ ಸೋತ, ಸೋತವ ಸತ್ತ” ಎಂಬ ಗಾದೆ ಅಡ್ಡ ಬರುತ್ತದೆ. ಹಾಗಾಗಿ ನಮ್ಮ ಮಂದಿ, “ಹೋಗಲಿ ಬಿಡು, ನಮ್ಮ ಹಣೇಬರಹ” ಎಂದು ಸುಮ್ಮನಾಗುತ್ತಾರೆ.

ನಾನೂ ಹಾಗೆಯೇ ಸುಮ್ಮನಾದವನು. ಹನ್ನೊಂದು ವರ್ಷದ ಹಿಂದೆ ಎರಡು ಎಕರೆ ಉಳ್ಳಾಗಡ್ಡಿ ಹಾಕಿದ್ದೆ. ಬೀಜ ತಂದ ಅಂಗಡಿಯವರು ಪರಿಚಯದವರು. ಪಾವತಿ ಕೇಳಿದರೆ, “ಏನ್ರಿ ಗೌಡ್ರ, ನಮ್ಮ ಮ್ಯಾಲ ನಂಬಿಗಿ ಇಲ್ಲೇನು?” ಎಂದರು. ನಾಚಿಕೆಯಾಗಿ ಸುಮ್ಮನೆ ಬಂದೆ. ಬೆಳೆ ಹಸಿರಾಗಿ ಎದ್ದಿತು, ಆದರೆ ಗಡ್ಡಿ ಕೂಡಲಿಲ್ಲ. ಗಡ್ಡಿ ಕೂಡುವ ಹೊತ್ತಿಗೆ ಹೂವಿನ ಕಡ್ಡಿ ಎದ್ದು ನಿಂತವು. ಅಂಗಡಿಗೆ ಹೋದರೆ ಅದೇ ಪರಿಚಯದವರು, “ಈ ಬೀಜ ನಮ್ಮ ಅಂಗಡ್ಯಾಗಿಂದು ಅಂತ ಏನು ಗುರುತು ಐತ್ರಿ?” ಎಂದು ಕೇಳಿದರು. ನನ್ನ ಹತ್ತಿರ ಗುರುತು ಇರಲಿಲ್ಲ. ಬೀಜದ ಖಾಲಿ ಪಾಕೀಟು ಸಹಿತ ಒಲೆಗೆ ಹಾಕಿ ಆಗಿತ್ತು.

ಅದೇ ವರ್ಷ, ಅದೇ ಬೀಜವನ್ನು ನಮ್ಮ ಕಾಕಾನ ಮಗ ಬೇರೆ ಕಡೆ ಕೊಂಡಿದ್ದ. ಅವನಿಗೆ ಓದು ಬರಹ ನನಗಿಂತ ಕಡಿಮೆ. ಆದರೆ ಪಾವತಿಯನ್ನು ಪಹಣಿ ಪತ್ರಿಕೆಯ ಜೊತೆಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಬೆಳೆ ಹೊಲದಲ್ಲಿ ಇರುವಾಗಲೇ ತೋಟಗಾರಿಕೆ ಇಲಾಖೆಯವರನ್ನು ಕರೆಸಿ ವರದಿ ಬರೆಸಿದ. ಜಿಲ್ಲಾ ಗ್ರಾಹಕರ ವೇದಿಕೆಗೆ ಅರ್ಜಿ ಹಾಕಿದ. ವರ್ಷ ಹಿಡಿಯಿತು. ಕಡೆಗೆ ಎದುರಿನವರೇ ರಾಜಿಗೆ ಬಂದು ಬೀಜದ ಹಣವನ್ನೂ ನಷ್ಟದ ಒಂದು ಪಾಲನ್ನೂ ಕೊಟ್ಟರು. ಇಬ್ಬರ ಬೆಳೆಯೂ ಹೋಗಿತ್ತು. ನನಗೂ ಅವನಿಗೂ ಇದ್ದ ವ್ಯತ್ಯಾಸ ಅಂಗೈ ಅಗಲದ ಒಂದು ಕಾಗದ, ಅಷ್ಟೇ.

ಆ ಮೇಲೆ ನಾನು ಈ ಕಾಯ್ದೆಯ ವಿಷಯ ತಿಳಿದುಕೊಳ್ಳತೊಡಗಿದೆ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಗ್ರಾಹಕರ ಸಂರಕ್ಷಣಾ ಕಾಯ್ದೆ ಮೊದಲು ಬಂದದ್ದು 1986ರಲ್ಲಿ. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಹಿಂದೆ ವೇದಿಕೆ ಎನ್ನುತ್ತಿದ್ದದ್ದು ಈಗ ಜಿಲ್ಲಾ ಗ್ರಾಹಕರ ಆಯೋಗ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಗುವ ತನಕ ನಾವು ಜಿಲ್ಲಾ ಮಟ್ಟದ ಕೆಲಸಕ್ಕೆ ವಿಜಾಪುರಕ್ಕೆ ಓಡಬೇಕಿತ್ತು. ಈಗ ಮುಂಜಾನೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮನೆಗೆ ಬರಬಹುದು. ಹೊಸ ಕಾಯ್ದೆಯಲ್ಲಿ ಇನ್ನೊಂದು ಅನುಕೂಲ ಇದೆ. ಕಂಪನಿ ಎಲ್ಲೇ ಇರಲಿ, ನಾವು ವಾಸ ಮಾಡುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು.

ನಾವು ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗವೇ ವಿಚಾರಣೆ ಮಾಡುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂಬ ಕಡ್ಡಾಯವಿಲ್ಲ. ಆದರೆ ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಬೀಳಬೇಕು. ಮೂರು ತಿಂಗಳಲ್ಲಿ, ಮಾಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಐದು ತಿಂಗಳಲ್ಲಿ, ತೀರ್ಮಾನ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ನಡೆಯುವಾಗ ಅದಕ್ಕಿಂತ ಹೆಚ್ಚು ದಿನ ಹಿಡಿಯುವುದುಂಟು. ಸುಳ್ಳು ಆಸೆ ನಾನು ಹುಟ್ಟಿಸುವುದಿಲ್ಲ.

“ರೈತ ಬೀಜ ಕೊಂಡು ಬೆಳೆ ಮಾರತಾನ, ಅಂವಾ ವ್ಯಾಪಾರಸ್ಥ, ಗ್ರಾಹಕ ಹೆಂಗ ಆದಾನು?” ಎಂದು ಕೇಳುವವರುಂಟು. ಇದಕ್ಕೆ ಸುಪ್ರೀಂ ಕೋರ್ಟೇ ಉತ್ತರ ಕೊಟ್ಟಿದೆ. ಆಂಧ್ರದ ರೈತರಿಗೂ ರಾಷ್ಟ್ರೀಯ ಬೀಜ ನಿಗಮಕ್ಕೂ ನಡೆದ ವ್ಯಾಜ್ಯದಲ್ಲಿ, 2012ರಲ್ಲಿ, ಬೀಜ ಕೊಂಡ ರೈತ ಗ್ರಾಹಕನೇ ಎಂದು ಹೇಳಿತು. “ಪರೀಕ್ಷೆಗೆ ಬೀಜದ ಮಾದರಿ ಯಾಕೆ ಇಟ್ಟಿಲ್ಲ?” ಎಂಬ ವಾದವನ್ನೂ ಒಪ್ಪಲಿಲ್ಲ. ತಂದ ಬೀಜವನ್ನೆಲ್ಲ ರೈತ ಬಿತ್ತಿರುತ್ತಾನೆ, ಪರೀಕ್ಷೆಗೆಂದು ತೆಗೆದಿಡುತ್ತಾನೆ ಎಂದು ಬಯಸುವುದು ಸರಿಯಲ್ಲ ಎಂದಿತು. ಕೂರಿಗಿ ಹಿಡಿದವರ ಮಾತನ್ನೇ ನ್ಯಾಯಾಧೀಶರು ಆಡಿದರು ಎಂದು ಓದಿದಾಗ ನನಗೆ ಸಂತೋಷವಾಯಿತು.

ಇನ್ನು ಪಾವತಿಯ ಮಾತು. ಮಾಲು ಮಾರಿ ಬಿಲ್ಲು ಕೊಡದೆ ಇರುವುದೇ 2019ರ ಕಾಯ್ದೆಯ ಪ್ರಕಾರ ತಪ್ಪು ವ್ಯಾಪಾರ. ಬೀಜ ಮಾರುವವರಿಗಂತೂ 1983ರ ಬೀಜ ನಿಯಂತ್ರಣ ಆದೇಶದಿಂದಲೇ ಅದು ಕಡ್ಡಾಯ. ಹೀಗಿರುವಾಗ ಪಾವತಿ ಕೇಳಲು ನಾಚಿಕೆ ಯಾಕೆ? ನಂಬಿಗೆ ಇರಲಿ, ಪಾವತಿಯೂ ಇರಲಿ. ಬೀಜದ ಪಾಕೀಟು, ಅದರ ಮೇಲಿನ ಲಾಟ್ ನಂಬರ್ ಇರುವ ಚೀಟಿ ಬೆಳೆ ಕೈಗೆ ಬರುವ ತನಕ ಕಾಯ್ದಿಡಿ. ಫೋನಿನಲ್ಲಿ ಹಣ ಕಳಿಸಿದ್ದರೆ ಅದೂ ಒಂದು ಸಾಕ್ಷಿ. ಬೆಳೆ ಕೆಟ್ಟರೆ ಹರಗುವ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಟ್ಟು ಸ್ಥಳ ಪರೀಕ್ಷೆ ಮಾಡಿಸಿ. ಹರಗಿದ ಹೊಲ ಸಾಕ್ಷಿ ಹೇಳುವುದಿಲ್ಲ.

ಮೂರು ವರ್ಷದ ಹಿಂದೆ ನನ್ನ ಬೋರಿನ ಮೋಟಾರು ಗ್ಯಾರಂಟಿ ಮುಗಿಯುವ ಮೊದಲೇ ಸುಟ್ಟಿತು. ಈ ಸಲ ಪಾವತಿ ಇತ್ತು. ಬಿಳಿ ಹಾಳೆಯ ಮೇಲೆ ಕೊಂಡ ದಿನ, ಬೆಲೆ, ಆದ ತೊಂದರೆ, ನನಗೆ ಬೇಕಾದದ್ದು, ಹದಿನೈದು ದಿನದ ಗಡುವು ಇಷ್ಟೇ ಬರೆದು ಅಂಚೆಯಲ್ಲಿ ಕಳಿಸಿದೆ. ಹನ್ನೆರಡನೆಯ ದಿನ ಬೇರೆ ಮೋಟಾರು ಬಂತು. ಆಯೋಗದ ಬಾಗಿಲು ತಟ್ಟುವ ಪ್ರಸಂಗವೇ ಬರಲಿಲ್ಲ. ಬರೆಯಲು ಬಾರದವರು 1915 ನಂಬರಿಗೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಹೇಳಿಕೊಳ್ಳಬಹುದು.

ಎಲ್ಲ ತಂಟೆಯೂ ಈ ಆಯೋಗಕ್ಕೆ ಸೇರುವುದಿಲ್ಲ. ಅಣ್ಣ ತಮ್ಮಂದಿರ ಪಾಲು, ಬದುವಿನ ಜಗಳ, ಕೈಗಡದ ಹಣ ಇವಕ್ಕೆ ಲೋಕ ಅದಾಲತ್ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಿಂದ ಅದಕ್ಕೆ ಬಲ ಬಂದಿದೆ. ಕೋರ್ಟಿಗೆ ಹೋಗುವ ಮೊದಲೇ ಅರ್ಜಿ ಕೊಡಬಹುದು, ಶುಲ್ಕವಿಲ್ಲ. ನಡೆಯುತ್ತಿರುವ ದಾವೆ ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಅದಕ್ಕೇ ಸಹಿ ಮಾಡುವ ಮೊದಲು ಮನೆಯವರ ಜೊತೆ ಕೂತು ವಿಚಾರ ಮಾಡಿ. ಒಪ್ಪಿಗೆ ಇಲ್ಲದೆ ಯಾರೂ ನಿಮ್ಮ ಮೇಲೆ ರಾಜಿ ಹೇರುವಂತಿಲ್ಲ. ತಾಯಂದಿರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವಕೀಲರ ನೆರವೂ ಪುಕ್ಕಟೆ ಸಿಗುತ್ತದೆ.

ಕಡೆಗೆ ಒಂದು ಮಾತು. ಇದು ನಿರ್ದೇಶಕನಾದ ನನಗೆ ಸ್ವಲ್ಪ ಕಹಿ. ಸಂಘವೂ ಗೊಬ್ಬರ ಮಾರುತ್ತದೆ, ಸಾಲ ಕೊಡುತ್ತದೆ. ಸದಸ್ಯರು ಸಂಘದ ಮೇಲೆ ದೂರು ಕೊಡಬಹುದೇ? ಕೊಡಬಹುದು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೆಯ ಕಲಮಿನಡಿ ಸಹಕಾರ ಇಲಾಖೆಯ ಮುಂದೆ ಹೋಗುವ ದಾರಿ ಮೊದಲಿನಿಂದಲೂ ಇದೆ. ಗ್ರಾಹಕರ ವೇದಿಕೆಯ ದಾರಿಯೂ ಇದೆ. ತಮಿಳುನಾಡಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಭತ್ತದ ಚೀಲ ಅಡವಿಟ್ಟು ಸಾಲ ಪಡೆದ ಸದಸ್ಯರು ಅಲ್ಲಿಗೆ ಹೋದಾಗ, ಆ ವೇದಿಕೆಗೆ ವಿಚಾರಣೆಯ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಎತ್ತಿ ಹಿಡಿಯಿತು.

ಇದನ್ನು ನಮ್ಮ ವೇದಿಕೆಯಿಂದಲೇ ಹೇಳುವುದೇಕೆ ಎಂದು ಒಬ್ಬ ಹಿರಿಯರು ಕೇಳಿದರು. ನನ್ನ ಉತ್ತರ ಇಷ್ಟೇ: ಹೊರಗಿನ ಅಂಗಡಿಯವನಿಗೆ ಒಂದು ನ್ಯಾಯ, ನಮಗೆ ಒಂದು ನ್ಯಾಯ ಆಗಬಾರದು. ಗೊಬ್ಬರ ಒಯ್ಯುವಾಗ ಎಷ್ಟೋ ಸದಸ್ಯರು, “ಪಾವತಿ ಬ್ಯಾಡ ಬಿಡ್ರಿ, ನಮ್ಮದೇ ಸಂಘ” ಎಂದು ಹೊರಟುಬಿಡುತ್ತಾರೆ. ದಯಮಾಡಿ ಹಾಗೆ ಹೋಗಬೇಡಿ. ನಮ್ಮದೇ ಸಂಘ ಎಂಬ ಕಾರಣಕ್ಕೇ ಪಾವತಿ ಕೇಳಿರಿ, ಓದಿಸಿಕೊಳ್ಳಿರಿ, ಪೆಟ್ಟಿಗೆಯಲ್ಲಿ ಇಡಿರಿ. ಮರೆತರೆ ನಾವು ಕರೆದು ಕೊಡುತ್ತೇವೆ.

ನನ್ನ ಎರಡು ಎಕರೆ ಉಳ್ಳಾಗಡ್ಡಿ ತಿರುಗಿ ಬರುವುದಿಲ್ಲ. ಅದರಿಂದ ನಾನು ಕಲಿತದ್ದು ನಿಮ್ಮಲ್ಲಿ ಒಬ್ಬರ ಬೆಳೆಗಾದರೂ ಉಪಯೋಗಕ್ಕೆ ಬಂದರೆ ಆ ನಷ್ಟ ತುಂಬಿದಂತೆ. ತಪ್ಪು ಮಾತಾಡಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ.

ಜೈ ಕಿಸಾನ್, ಜೈ ಸಹಕಾರ.