ಸಂಘದ ದರ: ಯಾರಿಗೆ ಹೇಳೋಣ, ಹೇಗೆ ಹೇಳೋಣ?

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ ಕಟ್ಟುವುದು, ಸಾಲ ಕೊಡುವುದು, ನಡಾವಳಿ ಪುಸ್ತಕ ಬರೆಯುವುದು ನಿಮಗೆಲ್ಲ ಚೆನ್ನಾಗಿ ಗೊತ್ತು. ಇವತ್ತು ಇನ್ನೊಂದು ವಿಷಯ ಮಾತಾಡೋಣ. ಸದಸ್ಯರಿಗೆ ಮಾತ್ರ ಸಿಗುವ ಕಡಿಮೆ ದರದ ವಿಷಯ. ಸಣ್ಣದು ಅಂತ ಬಿಟ್ಟರೆ ಸಂಘದೊಳಗೆ ಮನಸ್ತಾಪ ತರುವುದು ಇದೇ.

ಹಬ್ಬ ಬಂದರೆ ನಾವು ಕೂಡಿ ಸಗಟು ಅಂಗಡಿಯಲ್ಲಿ ಅಕ್ಕಿ, ಎಣ್ಣೆ, ಬೆಲ್ಲ ತರಬಹುದು. ಪಂಜಾಬಿನ ಜಲಂಧರ್ ಕಡೆಯಿಂದ ಹಾಸನದ ಮಾರುಕಟ್ಟೆಗೆ ಬರುವ ಆಲೂಗೆಡ್ಡೆ ಬಿತ್ತನೆಯನ್ನು ನಾಲ್ಕು ಮನೆಯವರು ಸೇರಿ ಕೊಂಡರೆ ಟೆಂಪೋ ಬಾಡಿಗೆಯಾದರೂ ಹಂಚಿಹೋಗುತ್ತದೆ. ಈ ಬುದ್ಧಿ ಹೊಸದಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ನೇಕಾರರು ಮತ್ತಿತರ ಕೆಲಸಗಾರರು ತಮ್ಮದೇ ಅಂಗಡಿ ತೆರೆದು, ಯಾರು ಎಷ್ಟು ಕೊಂಡರೋ ಆ ಲೆಕ್ಕದಲ್ಲೇ ಲಾಭ ಹಂಚಿಕೊಂಡರು. ನಮ್ಮಲ್ಲಿ 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಾಲದ ಸಂಘ ಕಟ್ಟಿದರು. ಇಂಥ ಸಂಘಗಳು ನಿಲ್ಲುವುದು ನಂಬಿಕೆಯ ಮೇಲೆ. ಲೆಕ್ಕ ಬಯಲಲ್ಲಿದ್ದರೆ ಮಾತ್ರ ನಂಬಿಕೆ ಉಳಿಯುತ್ತದೆ.

ಮೊದಲನೆಯದು, ದರ ಯಾರಿಗೆ ಕೊಟ್ಟದ್ದು ಅಂತ ತಿಳಿಯಿರಿ. 20 ಮೂಟೆ ಅಕ್ಕಿ ಒಟ್ಟಿಗೆ ಕೊಂಡರೆ ಮೂಟೆಗೆ 50 ರೂಪಾಯಿ ಬಿಡ್ತೀನಿ ಅಂತ ಅಂಗಡಿಯವರು ಒಪ್ಪಿದರು ಅಂತಿಟ್ಟುಕೊಳ್ಳಿ. ಒಟ್ಟು 1,000 ರೂಪಾಯಿ ಉಳಿಯಿತು. ಒಬ್ಬ ಸದಸ್ಯೆ ಈ ಸುದ್ದಿಯನ್ನು ಮೊಬೈಲಿನಲ್ಲಿ ಊರಿಗೆಲ್ಲ ಕಳಿಸಿದರೆ? ಮಾರನೇ ದಿನ ಒಂದೊಂದು ಮೂಟೆಗೆ ಬಂದವರೆಲ್ಲ "ಸಂಘಕ್ಕೆ ಕೊಟ್ಟ ದರ ನಮಗೂ ಕೊಡಿ" ಅಂತಾರೆ. ಅಂಗಡಿಯವರು ಬೇಸತ್ತು ಮುಂದಿನ ಸಲ ನಮಗೂ ಇಲ್ಲ ಅಂದಾರು. ಅವರು ದರ ಇಳಿಸಿದ್ದು ನಮ್ಮ ಮುಖ ನೋಡಿ ಅಲ್ಲ, 20 ಮೂಟೆ ನೋಡಿ.

ಹಾಗಂತ ಪಕ್ಕದ ಮನೆಯ ಕಷ್ಟದ ಹೆಂಗಸಿನಿಂದ ಬಚ್ಚಿಡಬೇಕೇ? ಬೇಡ. ಮೊದಲು ಅಂಗಡಿಯವರನ್ನು ಕೇಳಿ, ಸಭೆಯಲ್ಲಿ ಒಪ್ಪಿಗೆ ಪಡೆಯಿರಿ. ಆಮೇಲೆ ಅವರ ಮೂಟೆಯನ್ನೂ ನಮ್ಮ ಪಟ್ಟಿಗೆ ಸೇರಿಸಿ. ಆಗ 20 ಇದ್ದದ್ದು 21 ಆಗುತ್ತದೆ, ಯಾರಿಗೂ ನಷ್ಟವಿಲ್ಲ. ಕದ್ದುಮುಚ್ಚಿ ಕೊಟ್ಟರೆ ಉಪಕಾರವೂ ಜಗಳವಾಗುತ್ತದೆ.

ಎರಡನೆಯದು, ಹೇಳುವುದಾದರೆ ಪೂರ್ತಿ ಹೇಳಿ. ತೂಕ ಎಷ್ಟು, ಯಾವ ದಿನದವರೆಗೆ, ನಗದೋ ಕಂತೋ, ಬಾಡಿಗೆ ಸೇರಿದೆಯೋ ಇಲ್ಲವೋ. ನಿಮಗೆ ಕಮಿಷನ್ ಬರುವುದಾದರೆ ಅದನ್ನೂ ಬಾಯಿಬಿಟ್ಟು ಹೇಳಿ. ಕಮಿಷನ್ ಪಡೆಯುವುದು ಅವಮಾನವಲ್ಲ, ಮುಚ್ಚಿಡುವುದು ತಪ್ಪು.

ಮೂರನೆಯದು, ಸದಸ್ಯರ ದರದಲ್ಲಿ ತಂದು ಲಾಭಕ್ಕೆ ಮಾರಬೇಡಿ. ಮಿಲಿಟರಿ ಕ್ಯಾಂಟೀನ್ ಇರುವುದು ಸೈನಿಕರು, ಮಾಜಿ ಸೈನಿಕರು ಮತ್ತವರ ಕುಟುಂಬಕ್ಕೆ. ಅಲ್ಲಿಯ ಸಾಮಾನನ್ನು ಹೊರಗೆ ಮಾರುವಂತಿಲ್ಲ. ಆ ಮನೆಯ ಅಕ್ಕನ ಹತ್ತಿರ "ನಿಮ್ಮ ಕಾರ್ಡ್ ಒಂದ್ಸಲ ಕೊಡಿ" ಅಂತ ಕೇಳಿದರೆ, ಕೊಡಲೂ ಆಗದೆ, ಇಲ್ಲ ಅನ್ನಲೂ ಆಗದೆ ಅವರು ಸಂಕಟಪಡುತ್ತಾರೆ. ಕೇಳದಿರುವುದೇ ಮರ್ಯಾದೆ.

ನಾಲ್ಕನೆಯದು, "ಹತ್ತು ಜನಕ್ಕೆ ಕಳಿಸಿ, ಸೀರೆ ಉಚಿತ" ಎಂಬಂಥ ಸಂದೇಶವನ್ನು ಯಾರಿಗೂ ಕಳಿಸಬೇಡಿ. ನೀವು ಕಳಿಸಿದಿರಿ ಅಂತಲೇ ಉಳಿದವರು ನಂಬುತ್ತಾರೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಯದಾಗಿ, ಯಾರನ್ನೂ ಬಲವಂತ ಮಾಡಬೇಡಿ. 50 ರೂಪಾಯಿ ಉಳಿಸಲು ಬಡ್ಡಿಗೆ ಸಾಲ ತಂದರೆ ಅದು ಉಳಿತಾಯವಲ್ಲ. ಈ ಸಲ ನನಗೆ ಬೇಡ ಅಂದ ಸದಸ್ಯೆಯನ್ನು ಎಲ್ಲರೆದುರು ಯಾಕೆ ಅಂತ ಕೇಳಬೇಡಿ. ಅವರ ಮನೆಯ ಕಷ್ಟ ಅವರಿಗೇ ಗೊತ್ತು.

ಬರುವ ಸಭೆಯಲ್ಲಿ ಇದನ್ನೆಲ್ಲ ಓದಿ, ಚರ್ಚಿಸಿ, ನಿಮ್ಮ ಸಂಘಕ್ಕೆ ಹೊಂದುವ ನಿಯಮವನ್ನು ನಡಾವಳಿಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸಹಿ ಬಾರದವರಿಗೆ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಹಾಕಿಸಿ.